ಪ್ರಾರ್ಥನೆಯ ಹೆಸರಿನಲ್ಲಿ ಪರರ ಗುಟ್ಟು



ವೈಟ್‌ಫೀಲ್ಡ್‌ನಲ್ಲಿ ಒಬ್ಬರ ಮಗನ ಕೆಲಸ ಹೋದರೆ, ಪೀಣ್ಯದ ಬಾಡಿಗೆ ಮನೆಯೊಂದರಲ್ಲಿ ಗಂಡ ಹೆಂಡಿರು ಮಾತು ಬಿಟ್ಟರೆ, ಸಂಜೆಯೊಳಗೆ ಆ ಸಂಗತಿ ಹೆಸರು ಸಮೇತ ಪ್ರಾರ್ಥನಾಕೂಟದ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. 'ಈ ಕುಟುಂಬಕ್ಕಾಗಿ ಪ್ರಾರ್ಥಿಸಿ' ಎಂಬ ಒಕ್ಕಣೆ ಬೇರೆ! ಇದನ್ನು ಪ್ರಾರ್ಥನೆ ಎನ್ನಲು ನನ್ನ ಮನಸ್ಸು ಒಪ್ಪದು. ಇದು ಜಪಸರ ಹಿಡಿದ ಚಾಡಿಮಾತು.

'ಕ್ರೈಸ್ತ ಬಂಧುಗಳ ನಡುವೆ ಗುಟ್ಟೇಕೆ? ಕಷ್ಟ ತಿಳಿದರೆ ತಾನೇ ನೆರವಾಗುವುದು?' ಎಂದು ಕೇಳುವವರುಂಟು. ಅವರು ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ತೆರೆದು ನೋಡಲಿ. ಗೆರಸೇನರ ನಾಡಿನಲ್ಲಿ ದೆವ್ವದಿಂದ ಬಿಡುಗಡೆ ಹೊಂದಿದವನಿಗೆ ಯೇಸುಸ್ವಾಮಿ, ಮನೆಗೆ ಹೋಗಿ ತನ್ನವರಿಗೆ ಎಲ್ಲವನ್ನೂ ತಿಳಿಸುವಂತೆ ಅಪ್ಪಣೆ ಕೊಟ್ಟರು. ಯಾಯೀರನ ಮನೆಯಲ್ಲಾದರೋ ನೆರೆದಿದ್ದವರನ್ನು ಹೊರಗೆ ಕಳುಹಿಸಿ, ತಂದೆತಾಯಿ ಹಾಗೂ ಮೂವರು ಶಿಷ್ಯರ ಮುಂದೆ ಮಾತ್ರ ಬಾಲಕಿಯನ್ನು ಎಬ್ಬಿಸಿದರು. ಯಾರಿಗೂ ತಿಳಿಯಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು. ಒಂದೇ ಅಧ್ಯಾಯ, ಎರಡು ಅಪ್ಪಣೆ! ಹೇಳುವುದಕ್ಕೂ ಹೇಳದಿರುವುದಕ್ಕೂ ಸಮಯವುಂಟು. ಕೇಳತಕ್ಕ ಜನರೂ ಉಂಟು.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಇದನ್ನು ಕಟ್ಟಾಜ್ಞೆಯಾಗಿಸಿತು. ಇನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆಯ 220ನೇ ವಿಧಿ, ಯಾರೂ ಮತ್ತೊಬ್ಬರ ಹೆಸರನ್ನು ಅನ್ಯಾಯವಾಗಿ ಕೆಡಿಸಬಾರದು, ಅವರ ಖಾಸಗಿತನಕ್ಕೆ ಕೈಹಾಕಬಾರದು ಎನ್ನುತ್ತದೆ. ಈ ವಿಧಿ ಗುರುಗಳಿಗಷ್ಟೇ ಅಲ್ಲ, ನಿಮಗೂ ಅನ್ವಯಿಸುತ್ತದೆ. ಪ್ರಬೋಧನೆಯಲ್ಲಿ ಪರರ ಬದುಕನ್ನು ದೃಷ್ಟಾಂತವಾಗಿಸುವ ನಮ್ಮ ಗುರುವರ್ಗವೂ ಈ ತಪ್ಪಿಗೆ ಹೊರತಲ್ಲ.

ಹಾಗೆಂದು ಎಲ್ಲವನ್ನೂ ಮುಚ್ಚಿಡಿ ಎನ್ನುತ್ತಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿ ಲೈಂಗಿಕ ಕಿರುಕುಳಕ್ಕೀಡಾದ ಮಗಳಿಗೆ 'ಮರ್ಯಾದೆ ಹೋದೀತು, ಸುಮ್ಮನಿರು' ಎನ್ನುವ ಹೆತ್ತವರೂ ತಪ್ಪಿತಸ್ಥರೇ. 2013ರ ಕಾಯಿದೆಯಂತೆ 10 ಅಥವಾ ಹೆಚ್ಚು ಮಂದಿ ದುಡಿಯುವೆಡೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ದೂರು ಕೊಟ್ಟವಳ ಗುರುತನ್ನು ಪ್ರಕಟಿಸುವಂತಿಲ್ಲ. ನೊಂದವರು ಬಾಯಿ ತೆರೆಯಬೇಕು, ಕೇಳಿದವರು ಬಾಯಿ ಮುಚ್ಚಬೇಕು ಎಂಬುದು ನಾಡಿನ ಕಾನೂನಿಗೂ ತಿಳಿದಿದೆ.

ಆದ್ದರಿಂದ ಪ್ರಿಯರೇ, ನೊಂದವರ ಹೆಸರನ್ನು ಗುಂಪಿಗೆ ಕಳುಹಿಸುವ ಮುನ್ನ ಅವರನ್ನೇ ಕೇಳಿ: 'ಹೇಳಲೇ?' ಬೇಡವೆಂದರೆ ದೇವರಿಗಷ್ಟೇ ಹೇಳಿ. ಆ ಮನೆಯ ವಿಳಾಸ ದೇವರಿಗೆ ಮೊದಲೇ ಗೊತ್ತು. ಆಮೇಲೆ, ಅಲ್ಲಿ ಅಕ್ಕಿ ಬೇಳೆ ಇದೆಯೇ ಎಂದು ನೀವೇ ಹೋಗಿ ನೋಡಿ ಬನ್ನಿ.