ಅಡುಗೆಯವನೋ, ಬಡಿಸುವವನೋ?

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಕಂಪ್ಯೂಟರಿನಲ್ಲಿ ಆಟವು ತಡವರಿಸುತ್ತದೆ. ಅದಕ್ಕೊಂದು ಹೊಸ ಭಾಗ ಬೇಕು. ಮಗನು ಎರಡು ವರ್ಷ ನೆರೆಹೊರೆಯ ಹುಡುಗರಿಗೆ ಪಾಠ ಹೇಳಿ ಕೂಡಿಟ್ಟ ಹಣವು ಒಂದೇ ಭಾಗಕ್ಕೆ ಸಾಲುತ್ತದೆ. ಕೊಳ್ಳಬೇಕಾದುದು ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ? ಆಯ್ಕೆ ತಪ್ಪಿದರೆ ಹಣವೂ ಹೋಯಿತು, ತಡವರಿಕೆಯೂ ಉಳಿಯಿತು. “ಅಂಗಡಿಯವರು ಹೇಳಿದ್ದನ್ನೇ ತರೋಣವೇನಪ್ಪಾ?” ಎಂದು ಮಗನು ಕೇಳಿದರೆ ತಂದೆಯು ನಿರುತ್ತರನಾಗುತ್ತಾನೆ.

ಮದುವೆಯ ಮನೆಯ ಊಟವನ್ನು ನೆನೆದರೆ ವಿಷಯವು ತಿಳಿಯಾದೀತು. ಪ್ರೊಸೆಸರ್ ಅಡುಗೆಯವನಿದ್ದಂತೆ. ಯಾವ ಪಾತ್ರವು ಎಲ್ಲಿಗೆ ಸರಿಯಬೇಕು, ಚೆಂಡು ಎತ್ತ ಪುಟಿಯಬೇಕು ಎಂಬುದನ್ನೆಲ್ಲ ಲೆಕ್ಕಹಾಕಿ ಪ್ರತಿಯೊಂದು ಚಿತ್ರಕ್ಕೂ ಬೇಕಾದ ಸಾಮಗ್ರಿಯನ್ನು ಅದು ಸಿದ್ಧಪಡಿಸುತ್ತದೆ. ಗ್ರಾಫಿಕ್ಸ್ ಕಾರ್ಡು ಬಡಿಸುವವರ ತಂಡ. ತೆರೆಯ ಒಂದೊಂದು ಚುಕ್ಕಿಯೂ ಒಂದು ಎಲೆ. ಪ್ರತಿ ಎಲೆಗೂ ಬಣ್ಣವನ್ನು ಬಡಿಸಬೇಕು. ೧೯೨೦ × ೧೦೮೦ರ ತೆರೆಯಲ್ಲಿ ಅಂಥ ಎಲೆಗಳು ೨೦,೭೩,೬೦೦. ೩೮೪೦ × ೨೧೬೦ರ ತೆರೆಯಲ್ಲಿ ಸರಿಯಾಗಿ ಅದರ ನಾಲ್ಕರಷ್ಟು.

ಇಬ್ಬರಲ್ಲಿ ನಿಧಾನಿಯಾದವನ ವೇಗವೇ ಪಂಕ್ತಿಯ ವೇಗ. ಒಂದು ಚಿತ್ರಕ್ಕೆ ಪ್ರೊಸೆಸರ್ ೧೦ ಮಿಲಿಸೆಕೆಂಡನ್ನೂ ಕಾರ್ಡು ೨೫ ಮಿಲಿಸೆಕೆಂಡನ್ನೂ ತೆಗೆದುಕೊಂಡರೆ ಸೆಕೆಂಡಿಗೆ ೪೦ ಚಿತ್ರಗಳು ಮೂಡುತ್ತವೆ. ಇಮ್ಮಡಿ ವೇಗದ ಪ್ರೊಸೆಸರನ್ನು ತಂದರೂ ಅವು ನಲವತ್ತೇ. ಇಮ್ಮಡಿ ವೇಗದ ಕಾರ್ಡನ್ನು ತಂದರೆ ಎಂಬತ್ತು. ಆದರೆ ಮಾನಿಟರು ೬೦ ಹರ್ಟ್ಜ್‌ನದಾಗಿದ್ದರೆ ಅದು ಸೆಕೆಂಡಿಗೆ ಅರವತ್ತು ಬಾರಿ ಮಾತ್ರ ಚಿತ್ರವನ್ನು ಬದಲಾಯಿಸಬಲ್ಲುದು. ಮಿಕ್ಕ ವೇಗವು ಕಣ್ಣಿಗೆ ಪೂರ್ತಿಯಾಗಿ ದಕ್ಕದು.

ನಿಧಾನಿ ಯಾರೆಂಬುದನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು. ಆಟದಲ್ಲಿ ಚಿತ್ರಗಳ ಸಂಖ್ಯೆಗೆ ಹಾಕಿದ ಮಿತಿಯನ್ನು ತೆಗೆದು, ಚುಕ್ಕಿಗಳ ಸಂಖ್ಯೆಯನ್ನು, ಎಂದರೆ ರೆಸಲ್ಯೂಷನ್ನನ್ನು, ತಗ್ಗಿಸಿ ನೋಡಬೇಕು. ಎಲೆಗಳು ಕಡಿಮೆಯಾದೊಡನೆ ವೇಗವು ಚೆನ್ನಾಗಿ ಏರಿದರೆ ಕುಂದು ಕಾರ್ಡಿನದು. ಏರದಿದ್ದರೆ ಬಡಿಸುವವರು ಬರಿಗೈಯಲ್ಲಿ ಕಾದು ನಿಂತಿದ್ದಾರೆಂದೇ ಅರ್ಥ, ಕುಂದು ಅಡುಗೆಮನೆಯದು. ಪ್ರೊಸೆಸರಿನ ದುಡಿಮೆ ಒಟ್ಟಾರೆ ಶೇಕಡಾ ೩೦ ಎಂದು ತೋರಿದರೂ ಮೋಸಹೋಗಬಾರದು. ಅದರ ಹಲವು ಕೋರ್‌ಗಳಲ್ಲಿ ಒಂದೇ ಪೂರ್ಣ ದಣಿದು, ಉಳಿದವು ಅದಕ್ಕಾಗಿ ಕಾಯುತ್ತಿರಬಹುದು.

ಕೊಳ್ಳುವ ಮುನ್ನ ಇನ್ನೂ ಕೆಲವನ್ನು ವಿಚಾರಿಸಬೇಕು. ಬಲವಾದ ಕಾರ್ಡಿಗೆ ವಿದ್ಯುತ್ತೂ ಹೆಚ್ಚು. ೨೦೨೨ರ ಆರ್‌ಟಿಎಕ್ಸ್ ೪೦೯೦ ಒಂದಕ್ಕೇ ೪೫೦ ವ್ಯಾಟ್ ಬೇಕು. ಹಳೆಯ ಪವರ್ ಸಪ್ಲೈ ಅದನ್ನು ಹೊರಲಾರದೆ ಹೋದರೆ ಖರ್ಚು ಎರಡಾಗುತ್ತದೆ. ಪ್ರೊಸೆಸರಿನ ವಿಷಯದಲ್ಲಿ ಸಾಕೆಟ್ ಹೊಂದದಿದ್ದರೆ ಮದರ್‌ಬೋರ್ಡನ್ನೂ, ಕೆಲವೊಮ್ಮೆ ರ್‍ಯಾಮನ್ನೂ ಬದಲಿಸಬೇಕಾದೀತು. ಹೊಂದಿದರೆ ಭಾಗ್ಯ: ೨೦೧೭ರ ರೈಜೆನ್‌ಗಳೊಂದಿಗೆ ಬಂದ ಎಎಂ೪ ಸಾಕೆಟಿನ ಅನೇಕ ಬೋರ್ಡುಗಳು, ಬಯೋಸನ್ನು ನವೀಕರಿಸಿದ ಮೇಲೆ, ೨೦೨೨ರ ೫೮೦೦ಎಕ್ಸ್೩ಡಿಯನ್ನೂ ಸ್ವೀಕರಿಸುತ್ತವೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯು ಹೊಂದದ ಜೋಡಿಯ ಪಾಡನ್ನು ಹೇಳುತ್ತದೆ. ಬಲಶಾಲಿಯಾದ ಒಂದು ಭಾಗಕ್ಕಿಂತ ಸಮಬಲದ ಜೋಡಿಯೇ ಲೇಸು. ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಮನೆಯಲ್ಲಿ ಮಾಡುವ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಹಣವನ್ನು ಕೂಡಿಡಲು ಹಿಡಿದುದು ಎರಡು ವರ್ಷ.