ಮುಕ್ತಿನಾಥಕ್ಕೆ ಹೊರಟವರಲ್ಲಿ ಒಂದು ಬಿನ್ನಹ

ನೇಪಾಳದ ಪೋಖರಾದಿಂದ ಮುಕ್ತಿನಾಥದ ದಾರಿಯಲ್ಲಿರುವ ಜೋಮ್ಸೋಮ್‌ಗೆ ವಿಮಾನದಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷದ ದಾರಿ. ಫೇವಾ ಸರೋವರದ ದಡದಲ್ಲಿ ರಜೆ ಕಳೆದು ಅನ್ನಪೂರ್ಣಾ ಬೆಟ್ಟಗಳತ್ತ ಚಾರಣಕ್ಕೆ ಹೊರಟವರೂ, ಮುಕ್ತಿನಾಥನ ದರ್ಶನಕ್ಕೆ ಹೊರಟವರೂ ಒಂದೇ ಪುಟ್ಟ ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಸಾಗುತ್ತಾರೆ. ನಮ್ಮ ನಾಡಿನಿಂದಲೂ ಅನೇಕರು ಹೋಗುತ್ತಾರೆ. ಗಂಡಕಿಯ ಸಾಲಿಗ್ರಾಮಕ್ಕೆ ದಿನವೂ ಅಭಿಷೇಕ ನಡೆಯುವ ಮನೆಗಳು ಕರ್ನಾಟಕದಲ್ಲಿ ಎಷ್ಟಿವೆ! ಆ ಶಿಲೆ ಹುಟ್ಟಿದ ನದಿಯನ್ನು ಒಮ್ಮೆ ಕಣ್ತುಂಬ ನೋಡಬೇಕು, 108 ಧಾರೆಗಳ ಕೆಳಗೆ ತಲೆಯೊಡ್ಡಬೇಕು ಎಂಬ ಆಸೆಯನ್ನು ಹಿರಿಯರು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಆ ಆಸೆ ನೆರವೇರಲಿ. ನೀವು ಹೋಗಿ, ನೆಮ್ಮದಿಯಿಂದ ಮರಳಿ ಬನ್ನಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಆ ದಾರಿಯ ಹಿನ್ನೆಲೆಯನ್ನು ಮೊದಲು ತಿಳಿಯೋಣ. 1998ರ ಆಗಸ್ಟ್‌ನಲ್ಲಿ ಇದೇ ಮಾರ್ಗದಲ್ಲಿ ವಿಮಾನವೊಂದು ಅಪಘಾತಕ್ಕೀಡಾಗಿ 18 ಮಂದಿ ತೀರಿಕೊಂಡರು. 2002ರ ಆಗಸ್ಟ್‌ನಲ್ಲಿ ಮತ್ತೊಂದು ಅಪಘಾತ. ಆಗಲೂ 18 ಮಂದಿ. 2012ರ ಮೇ 14ರಂದು ಜೋಮ್ಸೋಮ್‌ನಲ್ಲಿ ಇಳಿಯಲಾಗದೆ ತಿರುಗಿ ಹೊರಟ ಅಗ್ನಿ ಏರ್ ವಿಮಾನ ಗುಡ್ಡಕ್ಕೆ ತಾಗಿತು. ಅದರಲ್ಲಿದ್ದವರಲ್ಲಿ ಹೆಚ್ಚಿನವರು ಮುಕ್ತಿನಾಥಕ್ಕೆ ಹೊರಟ ಭಾರತೀಯರು. 15 ಮಂದಿ ಸತ್ತರು, ಆರು ಮಂದಿ ಬದುಕುಳಿದರು. 2016ರ ಫೆಬ್ರವರಿ 24ರಂದು ತಾರಾ ಏರ್‌ನ ವಿಮಾನ ಬೆಟ್ಟಕ್ಕೆ ಬಡಿದು 23 ಮಂದಿ ಹೋದರು. 2022ರ ಮೇ 29ರಂದು ಅದೇ ಸಂಸ್ಥೆಯ ಇನ್ನೊಂದು ವಿಮಾನದಲ್ಲಿ 22 ಮಂದಿ. ಅವರಲ್ಲಿ ನಾಲ್ವರು ನಮ್ಮ ದೇಶದವರು. ಅರ್ಧ ಗಂಟೆಯೂ ಹಿಡಿಯದ ದಾರಿಯಲ್ಲಿ ಈ ಐದು ಅಪಘಾತಗಳಿಂದಲೇ 96 ಜೀವಗಳು ಹೋದವು.

ಹೀಗೇಕೆ ಆಗುತ್ತದೆ? ಈ ವಿಮಾನಗಳು ಸಾಗುವ ಕಾಳಿ ಗಂಡಕಿಯ ಕಣಿವೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಒಂದು ಬದಿಗೆ 8,167 ಮೀಟರ್ ಎತ್ತರದ ಧೌಲಗಿರಿ. ಇನ್ನೊಂದು ಬದಿಗೆ 8,091 ಮೀಟರ್ ಎತ್ತರದ ಅನ್ನಪೂರ್ಣಾ. ಈ ಸಣ್ಣ ವಿಮಾನಗಳು ಅವುಗಳ ಮೇಲಿಂದ ಹಾರುವುದಿಲ್ಲ, ನಡುವೆ ನುಸುಳಿಕೊಂಡು ಹೋಗುತ್ತವೆ. ಜೋಮ್ಸೋಮ್ ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಮೇಲಿದೆ. ಅಲ್ಲಿ ರನ್‌ವೇ ಗಿಡ್ಡ, ಗಾಳಿ ತೆಳು. ತೆಳುಗಾಳಿಯಲ್ಲಿ ಎಂಜಿನ್ನಿಗೂ ಬಲ ಕಡಿಮೆ, ರೆಕ್ಕೆಗೂ ಆಸರೆ ಕಡಿಮೆ. ಬೆಳಗಿನ ಹೊತ್ತು ಕಣಿವೆ ಶಾಂತವಾಗಿರುತ್ತದೆ. ಬಿಸಿಲೇರಿ ಹತ್ತು–ಹನ್ನೊಂದು ಗಂಟೆಯಾಯಿತೆಂದರೆ ದಕ್ಷಿಣದಿಂದ ಬಿರುಗಾಳಿಯಂಥ ಗಾಳಿ ನುಗ್ಗುತ್ತದೆ. ಆದ್ದರಿಂದ ವಿಮಾನಗಳೆಲ್ಲ ಬೆಳಿಗ್ಗೆಯೇ ಹೋಗಿ ಬರಬೇಕು. ಪೋಖರಾದಲ್ಲಿ ಮೋಡ ಕವಿದು ಎರಡು ಗಂಟೆ ತಡವಾದರೂ ಸಾಕು, ಆ ದಿನ ಉಳಿಯುವ ಸಮಯ ತೀರ ಕಡಿಮೆ. ಆತುರ ಹುಟ್ಟುವುದು ಇಲ್ಲಿಯೇ.

ಇನ್ನೊಂದು ವಿಷಯ. ಈ ಮಾರ್ಗದಲ್ಲಿ ಪೈಲಟ್ ಕಣ್ಣಿಗೆ ಕಾಣುವ ಬೆಟ್ಟ, ನದಿ, ಊರುಗಳನ್ನು ನೋಡಿಕೊಂಡೇ ವಿಮಾನ ನಡೆಸಬೇಕು. ಮೋಡದೊಳಗೆ ಹೋದರೆ ಆ ಆಧಾರವೇ ತಪ್ಪಿಹೋಗುತ್ತದೆ. ಕಣಿವೆ ಕಿರಿದಾಗಿರುವಲ್ಲಿ ತಿರುಗಿ ಬರಲೂ ಜಾಗವಿರುವುದಿಲ್ಲ. 2016ರ ಅಪಘಾತದ ತನಿಖೆ ಹೇಳಿದ್ದು ಇದನ್ನೇ: ಹವಾಮಾನ ಸರಿಯಿಲ್ಲದಿದ್ದರೂ ವಿಮಾನ ಮತ್ತೆ ಮತ್ತೆ ಮೋಡ ಹೊಕ್ಕಿತು, ಎಂದಿನ ದಾರಿ ಬಿಟ್ಟು ಸರಿಯಿತು, ಬೆಟ್ಟಕ್ಕೆ ಬಡಿಯಿತು. 2022ರ ವರದಿಯಲ್ಲಿಯೂ ಮೋಡ, ತಪ್ಪಿದ ದಾರಿಯೇ ಮುಖ್ಯ ಕಾರಣಗಳು. ಬೆಟ್ಟ ಹತ್ತಿರವಾದರೆ ಎಚ್ಚರಿಸುವ ಸಾಧನ ಆ ವಿಮಾನದಲ್ಲಿತ್ತು. ಆದರೆ ಅದರ ಎಚ್ಚರಿಕೆಯನ್ನು ತಡೆಹಿಡಿದು ಇಡಲಾಗಿತ್ತು. ಎರಡೂ ಸಲ ವಿಮಾನ ಕೆಟ್ಟು ಬಿದ್ದದ್ದಲ್ಲ. ಹಾರಬಲ್ಲ ವಿಮಾನವೇ ಹೋಗಿ ಬೆಟ್ಟಕ್ಕೆ ತಾಗಿತು.

ಎಲ್ಲ ಅಪಘಾತಗಳ ಬೇರು ಮೋಡದಲ್ಲಿಲ್ಲ, ನಿಜ. 2023ರ ಜನವರಿ 15ರಂದು ಪೋಖರಾದಲ್ಲಿ ಇಳಿಯಬೇಕಿದ್ದ ಯೇತಿ ಏರ್‌ಲೈನ್ಸ್ ವಿಮಾನ ಬಿದ್ದಾಗ ಆಕಾಶ ತಿಳಿಯಾಗಿತ್ತು. ಒಂದು ಲಿವರ್ ಎಳೆಯುವ ಬದಲು ಪಕ್ಕದ ಲಿವರ್‌ಗಳನ್ನು ಎಳೆದದ್ದರಿಂದ ಎರಡೂ ಎಂಜಿನ್‌ಗಳ ಪ್ರೊಪೆಲ್ಲರ್‌ಗಳು ವಿಮಾನವನ್ನು ಮುಂದೆಳೆಯುವುದನ್ನು ನಿಲ್ಲಿಸಿದವು. 72 ಮಂದಿ ಸತ್ತರು. ತರಬೇತಿಯ ಕೊರತೆ, ಹದಿನೈದು ದಿನದ ಹಿಂದಷ್ಟೇ ತೆರೆದಿದ್ದ ಹೊಸ ವಿಮಾನ ನಿಲ್ದಾಣದ ಒತ್ತಡ ತನಿಖೆಯಲ್ಲಿ ಕಂಡುಬಂದವು. 2013ರ ಕೊನೆಯಲ್ಲಿ ಐರೋಪ್ಯ ಒಕ್ಕೂಟ ನೇಪಾಳದ ಎಲ್ಲ ವಿಮಾನ ಸಂಸ್ಥೆಗಳಿಗೂ ತನ್ನ ಆಕಾಶದಲ್ಲಿ ನಿರ್ಬಂಧ ಹೇರಿತು. ನಿಲ್ದಾಣ ನಡೆಸುವವರೂ ಸುರಕ್ಷತೆಯ ಮೇಲೆ ಕಣ್ಣಿಡುವವರೂ ಒಂದೇ ಸಂಸ್ಥೆಯವರಾಗಿರಬಾರದು ಎಂಬ ಮಾತೂ ಬಹಳ ಕಾಲದಿಂದ ಇದೆ. ಅವೆಲ್ಲ ಸರ್ಕಾರಗಳು ಮಾಡಬೇಕಾದ ಕೆಲಸ. ಪ್ರಯಾಣಿಕರ ಕೈಯಲ್ಲಿ ಅದಿಲ್ಲ.

ನಮ್ಮ ಕೈಯಲ್ಲಿ ಇರುವುದು ಒಂದು: ನಮ್ಮ ಅವಸರ. ಇದು ಸಣ್ಣ ಸಂಗತಿಯಲ್ಲ. 2010ರ ಮೇ 22ನ್ನು ಕರಾವಳಿಯವರು ಮರೆಯಲಾರರು. ಮಂಗಳೂರಿನ ವಿಮಾನ ಅಪಘಾತದಲ್ಲಿ 158 ಮಂದಿಯನ್ನು ಕಳೆದುಕೊಂಡ ಆ ಬೆಳಿಗ್ಗೆ, ಇಳಿಯುವ ಹಾದಿ ಸರಿಯಿಲ್ಲ, ತಿರುಗಿ ಮೇಲೇರೋಣ ಎಂದು ಸಹಪೈಲಟ್ ಹೇಳಿದ್ದರು. ಆ ಮಾತು ನಡೆಯಲಿಲ್ಲ. ‘ಈಗ ಬೇಡ, ಆಮೇಲೆ’ ಎಂಬ ತೀರ್ಮಾನ ವಿಮಾನಯಾನದಲ್ಲಿ ಅತ್ಯಂತ ಬೆಲೆಯುಳ್ಳದ್ದು. ಅದು ಸುಲಭವಾಗಬೇಕಾದರೆ ಆ ತೀರ್ಮಾನ ಮಾಡುವವರ ಮೇಲಿರುವ ಎಲ್ಲ ಕಡೆಯ ಭಾರವೂ ಇಳಿಯಬೇಕು. ಕೌಂಟರಿನ ಮುಂದೆ ಸೇರಿ ‘ಇವತ್ತು ಹೇಗಾದರೂ ಕಳಿಸಿ, ನಾಳೆ ನಮಗೆ ಬಸ್ಸಿದೆ’ ಎನ್ನುವ ನಮ್ಮ ಭಾರವೂ ಅದರಲ್ಲಿ ಸೇರಿದೆ.

ಆದ್ದರಿಂದ, ಓದುಗರೇ, ನಿಮ್ಮಲ್ಲಿ ನನ್ನ ಮೊದಲ ಬಿನ್ನಹ: ಪೋಖರಾದಲ್ಲಿ ಒಂದು ದಿನ, ಸಾಧ್ಯವಾದರೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮುಕ್ತಿನಾಥದ ದರ್ಶನವಾದ ಮಾರನೆಯ ದಿನವೇ ಕಠ್ಮಂಡುವಿನಿಂದ ಊರಿಗೆ ಮರಳುವ ಟಿಕೆಟ್ ಮಾಡಿಸಬೇಡಿ. ಆ ಒಂದು ದಿನದ ಕೋಣೆ ಬಾಡಿಗೆ, ಊಟದ ಖರ್ಚು ನಿಮಗೆ ಹೊರೆಯೆನಿಸಬಹುದು. ಅನೇಕರು ಪಿಂಚಣಿಯಲ್ಲಿ ಉಳಿಸಿ ಹೊರಟವರು ಎಂದು ನಾನು ಬಲ್ಲೆ. ಆದರೂ ಇಡೀ ಯಾತ್ರೆಯಲ್ಲಿ ಇಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ. ದಿನ ಕೈಯಲ್ಲಿದ್ದರೆ ಮೋಡ ಕಂಡಾಗ ಮನಸ್ಸು ಕದಡುವುದಿಲ್ಲ.

ಯಾತ್ರೆ ಏರ್ಪಡಿಸುವವರಿಗೆ ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಿ. ವಿಮಾನ ರದ್ದಾದರೆ ಹಣ ಎಷ್ಟು ಮರಳುತ್ತದೆ? ಆ ರಾತ್ರಿ ಎಲ್ಲಿ ತಂಗುತ್ತೇವೆ? ಬೆಳಗಿನ ಮೊದಲ ಹಾರಾಟದಲ್ಲಿ ಸೀಟು ಸಿಗುತ್ತದೆಯೇ? ಉತ್ತರ ಬರವಣಿಗೆಯಲ್ಲಿ ಇರಲಿ. ಒಳ್ಳೆಯ ಏರ್ಪಾಡುಗಾರರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ನೀವು ಕೇಳಿದರೆ ಮುಂದಿನ ತಂಡಕ್ಕೆ ಅವರೇ ಒಂದು ದಿನ ಸೇರಿಸುತ್ತಾರೆ. ದರ ಕಡಿಮೆ ಮಾಡಲು ದಿನ ಕಡಿಮೆ ಮಾಡುವ ಪೈಪೋಟಿ ನಿಲ್ಲುವುದು ಗ್ರಾಹಕರಾದ ನಿಮ್ಮಿಂದಲೇ.

ರಸ್ತೆಯೂ ಇದೆ. ಪೋಖರಾದಿಂದ ಬೇನಿಯ ಮೇಲೆ ಜೀಪಿನಲ್ಲಿ ಹೋದರೆ ಹೆಚ್ಚುಕಡಿಮೆ ಇಡೀ ದಿನ ಹಿಡಿಯುತ್ತದೆ. ಮೈ ನೋಯುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯವೂ ಇದೆ. ಆಗ ಆ ದಾರಿ ಬೇಡ. ಉಳಿದ ಕಾಲದಲ್ಲಿ ನಿಧಾನವಾಗಿ, ನಡುವೆ ಒಂದು ರಾತ್ರಿ ತಂಗಿ ಹೋಗುವವರಿಗೆ ಇನ್ನೊಂದು ಲಾಭವುಂಟು. ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಹಂತ ಹಂತವಾಗಿ ಏರಿದರೆ ಹಿರಿಯರ ದೇಹ ಆ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ವಿಮಾನ ರದ್ದಾಯಿತೆಂದು ಕೂಡಲೇ ಹೆಲಿಕಾಪ್ಟರ್ ಹುಡುಕುವವರಲ್ಲಿಯೂ ಒಂದು ಮಾತು: ಆ ಮೋಡ ಹೆಲಿಕಾಪ್ಟರಿಗೂ ಅದೇ ಮೋಡ. 2022ರ ಅಕ್ಟೋಬರಿನಲ್ಲಿ ಮತ್ತು 2025ರ ಜೂನ್‌ನಲ್ಲಿ ಕೇದಾರನಾಥದ ದಾರಿಯಲ್ಲಿ ಬಿದ್ದ ಹೆಲಿಕಾಪ್ಟರುಗಳು ಮಂಜು ಮೋಡಗಳ ನಡುವೆಯೇ ಹಾರುತ್ತಿದ್ದವು. ಎರಡರಲ್ಲಿಯೂ ಏಳೇಳು ಮಂದಿ ಇದ್ದರು, ಒಬ್ಬರೂ ಉಳಿಯಲಿಲ್ಲ.

ತಂಡದ ಹಿರಿಯರೇ, ನಿಮ್ಮ ಮಾತಿಗೆ ಅಲ್ಲಿ ತೂಕವಿದೆ. ವಿಮಾನ ಹೊರಡುವುದಿಲ್ಲ ಎಂದು ಗೊತ್ತಾದಾಗ ಮೊದಲು ನೀವೇ ‘ಒಳ್ಳೆಯದಾಯಿತು, ಕೂತು ಕಾಫಿ ಕುಡಿಯೋಣ’ ಎನ್ನಿ. ನಿಮ್ಮ ಸಮಾಧಾನ ಇಪ್ಪತ್ತು ಜನರಿಗೆ ಹರಡುತ್ತದೆ. ಪೋಖರಾದಲ್ಲಿಯೇ ವಿಂಧ್ಯವಾಸಿನಿಯ ಗುಡಿಯಿದೆ, ಸರೋವರದ ನಡುವೆ ತಾಳ ಬಾರಾಹಿಯ ಗುಡಿಯಿದೆ. ಆ ದಿನ ವ್ಯರ್ಥವಾಗುವುದಿಲ್ಲ. ಊರಿನಲ್ಲಿರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಕೂಡ ಫೋನಿನಲ್ಲಿ ‘ಇನ್ನೂ ಹೊರಟಿಲ್ಲವೇ?’ ಎಂದು ಕಾತರಿಸದೆ, ರಜೆ ಬೇಕಾದರೆ ಎರಡು ದಿನ ಮುಂದುವರಿಸಿಕೊಳ್ಳುತ್ತೇವೆ, ನಿಧಾನವಾಗಿ ಬನ್ನಿ ಎಂದು ಧೈರ್ಯ ಹೇಳಬೇಕೆಂದು ಕೋರುತ್ತೇನೆ.

ಮಾರ್ಚಿನಿಂದ ಮೇ, ಸೆಪ್ಟೆಂಬರಿನಿಂದ ನವೆಂಬರ್ ಅಲ್ಲಿನ ಯಾತ್ರೆಯ ಕಾಲ. ತಂಡಗಳು ತಿಂಗಳುಗಳ ಮೊದಲೇ ಹೆಸರು ಬರೆಸಿಕೊಳ್ಳುತ್ತವೆ. ನಿಮ್ಮ ಮನೆಯಿಂದಲೋ ನೆರೆಮನೆಯಿಂದಲೋ ಈ ಸಲ ಯಾರಾದರೂ ಹೊರಟಿದ್ದರೆ, ಅವರ ಟಿಕೆಟ್‌ಗಳ ತಾರೀಖುಗಳನ್ನು ದಯವಿಟ್ಟು ಅವರೊಂದಿಗೆ ಕುಳಿತು ನೋಡಿ. ಜೋಮ್ಸೋಮ್‌ನಿಂದ ಮರಳುವ ದಿನಕ್ಕೂ ಕಠ್ಮಂಡು ಬಿಡುವ ದಿನಕ್ಕೂ ನಡುವೆ ಬಿಡುವು ಇಲ್ಲದಿದ್ದರೆ, ಬದಲಿಸಲು ಇನ್ನೂ ಸಮಯವಿದೆ.