ಫ್ಲ್ಯಾಟ್ ಖರೀದಿ ಮತ್ತು ಅನಿರೀಕ್ಷಿತವಾಗಿ ಏರುವ ನಿರ್ವಹಣಾ ಶುಲ್ಕ: ಕೈಗಾ, ಕಾರವಾರ ಮತ್ತು ಅಂಕೋಲಾ ಭಾಗದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಮೊದಲ ಎರಡು ಅಣುವಿದ್ಯುತ್ ಘಟಕಗಳು 2000ನೇ ಇಸವಿಯಲ್ಲಿಯೂ, ಮೂರನೆಯ ಮತ್ತು ನಾಲ್ಕನೆಯ ಘಟಕಗಳು ಕ್ರಮವಾಗಿ 2007 ಮತ್ತು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಆ ಕಾಲದಲ್ಲಿ ಸೇವೆಗೆ ಸೇರಿದ ಅನೇಕರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಮಲ್ಲಾಪುರದ ವಸತಿ ಸಂಕೀರ್ಣದಲ್ಲಿ ಕಟ್ಟಡಗಳ ಉಸ್ತುವಾರಿಯನ್ನು ಸಂಸ್ಥೆಯೇ ನೋಡಿಕೊಳ್ಳುತ್ತದೆ. ನಿವೃತ್ತಿಯ ನಂತರ ಕಾರವಾರ, ಅಂಕೋಲಾ, ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿ ಫ್ಲ್ಯಾಟ್ ಖರೀದಿಸುವವರು ಮೊದಲ ಬಾರಿಗೆ ಮಾಸಿಕ ನಿರ್ವಹಣಾ ಶುಲ್ಕವನ್ನು ತಾವೇ ಭರಿಸಬೇಕಾಗುತ್ತದೆ. ಪಿಂಚಣಿಯ ಮೇಲೆ ಜೀವಿಸುವ ಕುಟುಂಬಕ್ಕೆ ಈ ಶುಲ್ಕದಲ್ಲಿ ಆಗುವ ಹಠಾತ್ ಏರಿಕೆಯು ಸಣ್ಣ ಸಂಗತಿಯಲ್ಲ. ಸದರಿ ಏರಿಕೆಯನ್ನು ಪ್ರಶ್ನಿಸಲು ಕಾನೂನಿನಲ್ಲಿ ಇರುವ ಅವಕಾಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಶುಲ್ಕ ಏರುವುದು ಏಕೆ?

ಮಾರಾಟದ ಸಮಯದಲ್ಲಿ ತಿಳಿಸುವ ದರವು ಅನೇಕ ವೇಳೆ ಆರಂಭಿಕ ದರವಾಗಿರುತ್ತದೆ. ಲಿಫ್ಟ್, ಜನರೇಟರ್ ಮತ್ತು ಪಂಪುಗಳು ವಾರಂಟಿಯಲ್ಲಿ ಇರುವವರೆಗೆ ವೆಚ್ಚ ಕಡಿಮೆ. ವಾರಂಟಿ ಮುಗಿದ ಕೂಡಲೇ ವಾರ್ಷಿಕ ನಿರ್ವಹಣಾ ಒಪ್ಪಂದದ ಮೊತ್ತವು ಲೆಕ್ಕಕ್ಕೆ ಸೇರುತ್ತದೆ. ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪುಗಾಳಿಯಿಂದ ಕಬ್ಬಿಣಕ್ಕೆ ಹಿಡಿಯುವ ತುಕ್ಕು, ಭಾರೀ ಮಳೆಯಿಂದ ತಾರಸಿಯಲ್ಲಿ ಆಗುವ ಸೋರಿಕೆ ಮತ್ತು ಮೇಲಿಂದ ಮೇಲೆ ಬಣ್ಣ ಬಳಿಯಬೇಕಾದ ಅಗತ್ಯ ಇವುಗಳೂ ಸೇರುತ್ತವೆ.

ಉದಾಹರಣೆಗೆ, 1,100 ಚದರ ಅಡಿಯ ಫ್ಲ್ಯಾಟಿಗೆ ಚದರ ಅಡಿಗೆ ರೂ. 2ರಂತೆ ತಿಂಗಳಿಗೆ ರೂ. 2,200 ಆಗುತ್ತದೆ. ದರವು ರೂ. 3.50ಕ್ಕೆ ಏರಿದರೆ ರೂ. 3,850 ಆಗುತ್ತದೆ, ಅಂದರೆ ವರ್ಷಕ್ಕೆ ರೂ. 19,800 ಹೆಚ್ಚುವರಿ ಹೊರೆ. ಇಂತಹ ಏರಿಕೆಯು ನೈಜ ವೆಚ್ಚದಿಂದ ಆಗಿದ್ದರೆ ಅದನ್ನು ಭರಿಸುವುದು ಅನಿವಾರ್ಯ. ಆದುದರಿಂದ ಶುಲ್ಕ ಹೆಚ್ಚಾಯಿತು ಎಂಬುದಷ್ಟೇ ತಕರಾರಿಗೆ ಆಧಾರವಾಗುವುದಿಲ್ಲ. ಲೆಕ್ಕ ಎಲ್ಲಿದೆ ಮತ್ತು ಅದನ್ನು ಇಟ್ಟಿರುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಯಾವ ಪ್ರಾಧಿಕಾರಕ್ಕೆ ದೂರು ಸಲ್ಲಿಸಬೇಕು ಎಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ.

2. ಕ್ರಯಪತ್ರಕ್ಕೆ ಮುನ್ನ

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016 (ರೇರಾ) ಪ್ರಕಾರ, ಮಾರಾಟ ಕರಾರು ಪತ್ರವನ್ನು ನೋಂದಾಯಿಸದೆ ಪ್ರವರ್ತಕರು ಫ್ಲ್ಯಾಟಿನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮೊತ್ತವನ್ನು ಪಡೆಯುವಂತಿಲ್ಲ. ಖರೀದಿದಾರರು ಸದರಿ ಕರಾರಿನಲ್ಲಿ ನಿರ್ವಹಣಾ ಶುಲ್ಕದ ದರ, ಮುಂಗಡವಾಗಿ ಪಡೆಯುವ ಅವಧಿ, ಮೂಲನಿಧಿಯ ಮೊತ್ತ ಮತ್ತು ದರ ಪರಿಷ್ಕರಣೆಯ ವಿಧಾನವನ್ನು ಓದಿ ನೋಡತಕ್ಕದ್ದು. "ಕಾಲಕಾಲಕ್ಕೆ ನಿಗದಿಪಡಿಸುವ ದರ" ಎಂದು ಮಾತ್ರ ಬರೆದಿದ್ದಲ್ಲಿ ಮುಂದಿನ ವಿವಾದದ ಬೀಜ ಅಲ್ಲಿಯೇ ಇದೆ ಎಂದು ತಿಳಿಯಬೇಕು.

ಹಳೆಯ ಫ್ಲ್ಯಾಟನ್ನು ಖರೀದಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ಕ್ಕೆ ಒಳಪಟ್ಟ ಕಟ್ಟಡಗಳಲ್ಲಿ, ಮಾರಾಟಗಾರರು ಉಳಿಸಿಕೊಂಡ ಸಾಮಾನ್ಯ ವೆಚ್ಚದ ಬಾಕಿಗೆ ಖರೀದಿದಾರರೂ ಜಂಟಿಯಾಗಿ ಹೊಣೆಗಾರರಾಗುತ್ತಾರೆ. ಆದಕಾರಣ ಸಂಘದಿಂದ ಬಾಕಿಯ ವಿವರಪಟ್ಟಿಯನ್ನು ಲಿಖಿತವಾಗಿ ಪಡೆದ ನಂತರವೇ ಕ್ರಯಪತ್ರ ಮಾಡಿಸಿಕೊಳ್ಳುವುದು ಸೂಕ್ತ.

ರಾಜ್ಯದಲ್ಲಿ ಫ್ಲ್ಯಾಟುಗಳು ಸಾಮಾನ್ಯವಾಗಿ ಜಮೀನಿನ ಅವಿಭಾಜ್ಯ ಹಕ್ಕಿನೊಂದಿಗೆ ಕ್ರಯಪತ್ರದ ಮೂಲಕ ಮಾರಾಟವಾಗುತ್ತವೆ. ಜಮೀನು ಗುತ್ತಿಗೆಯ ಅಥವಾ ಲೀಸ್-ಕಂ-ಸೇಲ್ ಕರಾರಿನ ಮೇಲೆ ಇದ್ದಲ್ಲಿ, ಗುತ್ತಿಗೆ ಹಣವನ್ನು ಯಾರು ಪಾವತಿಸಬೇಕು ಎಂಬುದನ್ನೂ ಕರಾರಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

3. ಪ್ರವರ್ತಕರೇ ನಿರ್ವಹಣೆ ಮಾಡುತ್ತಿರುವಾಗ

ರೇರಾ ಕಲಂ 11(4)ರ ಪ್ರಕಾರ, ಮಾಲೀಕರ ಸಂಘವು ನಿರ್ವಹಣೆಯನ್ನು ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು "ಸಮಂಜಸ ಶುಲ್ಕ"ದ ಮೇಲೆ ಒದಗಿಸುವುದು ಮತ್ತು ಸಂಘದ ರಚನೆಗೆ ಅನುವು ಮಾಡಿಕೊಡುವುದು ಪ್ರವರ್ತಕರ ಕರ್ತವ್ಯ. ಶುಲ್ಕ ಸಮಂಜಸವೆಂದು ತೋರಿಸಲು ಹೆಸ್ಕಾಂ ಬಿಲ್ಲು, ಕಾವಲುಗಾರರ ವೇತನ, ಲಿಫ್ಟ್ ಒಪ್ಪಂದ ಮುಂತಾದವುಗಳ ಲೆಕ್ಕ ಬೇಕು. ಈ ಲೆಕ್ಕವನ್ನು ಲಿಖಿತವಾಗಿ ಕೇಳುವುದೇ ಮೊದಲ ಹೆಜ್ಜೆ.

ಸೋರಿಕೆಯ ದುರಸ್ತಿಗೆಂದು ವಿಶೇಷ ವಂತಿಗೆ ಕೇಳಿದಾಗ ಕಲಂ 14(3)ನ್ನು ನೆನಪಿಡಬೇಕು. ಸ್ವಾಧೀನ ನೀಡಿದ ದಿನದಿಂದ ಐದು ವರ್ಷಗಳೊಳಗೆ ಗಮನಕ್ಕೆ ತಂದ ರಚನಾತ್ಮಕ ಅಥವಾ ಕಾಮಗಾರಿಯ ದೋಷವನ್ನು ಪ್ರವರ್ತಕರು 30 ದಿನಗಳೊಳಗೆ ತಮ್ಮ ಸ್ವಂತ ವೆಚ್ಚದಲ್ಲಿ ಸರಿಪಡಿಸತಕ್ಕದ್ದು. ಮೊದಲ ಮಳೆಗಾಲದಲ್ಲಿಯೇ ತಾರಸಿ ಸೋರಿದರೆ ಅದರ ವೆಚ್ಚವು ಮಾಲೀಕರ ಶುಲ್ಕಕ್ಕೆ ಸೇರಬೇಕಾದುದಲ್ಲ.

ಈ ವಿಷಯಗಳಲ್ಲಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಕಲಂ 31ರಡಿ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಆದರೆ ಜಮೀನಿನ ವಿಸ್ತೀರ್ಣ 500 ಚದರ ಮೀಟರ್ ಮೀರದ ಅಥವಾ ಫ್ಲ್ಯಾಟುಗಳ ಸಂಖ್ಯೆ ಎಂಟನ್ನು ಮೀರದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಪಟ್ಟಣಗಳ ಚಿಕ್ಕ ಕಟ್ಟಡಗಳು ಈ ಮಿತಿಯೊಳಗೆ ಬರಬಹುದು. ಖರೀದಿಗೆ ಮುನ್ನವೇ ಯೋಜನೆಯ ನೋಂದಣಿ ಸಂಖ್ಯೆಯನ್ನು ಪರಿಶೀಲಿಸಬೇಕು.

4. ಗ್ರಾಹಕರ ಆಯೋಗದ ಮಾರ್ಗ

ನೋಂದಣಿ ಇಲ್ಲದ ಯೋಜನೆಯ ಖರೀದಿದಾರರಿಗೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮಾರ್ಗವು ತೆರೆದಿದೆ. ರೇರಾ ಅನ್ವಯಿಸುವ ಪ್ರಕರಣಗಳಲ್ಲಿಯೂ ಗ್ರಾಹಕರ ಆಯೋಗದ ಪರಿಹಾರಕ್ಕೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನವೆಂಬರ್ 2020ರಲ್ಲಿ ತೀರ್ಪು ನೀಡಿದೆ. ಪಾವತಿಸಿದ ಪ್ರತಿಫಲವು ರೂ. 50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗಕ್ಕೆ, ಅದನ್ನು ಮೀರಿ ರೂ. 2 ಕೋಟಿಯವರೆಗೆ ಇದ್ದಲ್ಲಿ ರಾಜ್ಯ ಆಯೋಗಕ್ಕೆ ದೂರು ಸಲ್ಲಿಸಬೇಕು. ವ್ಯಾಜ್ಯ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ದಾಖಲಾಗತಕ್ಕದ್ದು.

2019ರ ಅಧಿನಿಯಮದಡಿ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗದಲ್ಲಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಹೀಗಾಗಿ ಕೈಗಾದಲ್ಲಿ ವಾಸಿಸುತ್ತಾ ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ಖರೀದಿಸಿದವರು ಕಾರವಾರದ ಜಿಲ್ಲಾ ಆಯೋಗದ ಮುಂದೆ ಬರಲು ಅವಕಾಶವಿದೆ. ಆರಂಭಿಕ ಸಲಹೆಗೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

5. ಮಾಲೀಕರ ಸಂಘವೇ ಶುಲ್ಕ ಏರಿಸಿದಾಗ

ಈ ಹಂತದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಸಂಘದ ಖರ್ಚು ಮಾಲೀಕರದೇ ಖರ್ಚು. 1972ರ ಅಧಿನಿಯಮದಡಿ ಸಾಮಾನ್ಯ ವೆಚ್ಚವನ್ನು ಸಾಮಾನ್ಯ ಪ್ರದೇಶಗಳಲ್ಲಿ ಪ್ರತಿ ಮಾಲೀಕರಿಗೆ ಇರುವ ಅವಿಭಾಜ್ಯ ಹಕ್ಕಿನ ಶೇಕಡಾವಾರು ಪ್ರಮಾಣದಲ್ಲಿ ಹಂಚಲಾಗುತ್ತದೆ. ಲಿಫ್ಟ್ ಬಳಸುವುದಿಲ್ಲ ಎಂಬ ಕಾರಣದಿಂದ ನೆಲಮಹಡಿಯವರು ವಿನಾಯಿತಿ ಪಡೆಯುವಂತಿಲ್ಲ. ಏರಿಕೆಯನ್ನು ಉಪವಿಧಿಗಳಂತೆ ಸಭೆಯಲ್ಲಿ ಅಂಗೀಕರಿಸಲಾಗಿದೆಯೇ, ಲೆಕ್ಕಪರಿಶೋಧನೆ ನಡೆದಿದೆಯೇ ಎಂಬುದನ್ನು ಸಭಾ ನಡವಳಿಯಿಂದ ತಿಳಿದುಕೊಳ್ಳಬೇಕು. ಸಂಘವು ಸಹಕಾರ ಸಂಘವಾಗಿ ನೋಂದಣಿಯಾಗಿದ್ದರೆ ಸಹಕಾರ ಸಂಘಗಳ ನಿಬಂಧಕರ ಮುಂದೆ, ಇಲ್ಲವಾದಲ್ಲಿ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಮುಂದೆ ವಿವಾದವನ್ನು ತರಬೇಕಾಗುತ್ತದೆ.

6. ಸರಕು ಮತ್ತು ಸೇವಾ ತೆರಿಗೆ

ಮಾಲೀಕರ ಸಂಘದ ಶುಲ್ಕವು ಪ್ರತಿ ಸದಸ್ಯರಿಗೆ ತಿಂಗಳಿಗೆ ರೂ. 7,500 ಮೀರಿದಾಗ ಮತ್ತು ಸಂಘದ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಾಗ ಮಾತ್ರ ಶೇ. 18ರ ತೆರಿಗೆ ಅನ್ವಯಿಸುತ್ತದೆ. ತಿಂಗಳಿಗೆ ರೂ. 3,000ದಂತೆ 12 ಫ್ಲ್ಯಾಟುಗಳ ಸಂಘದ ವಾರ್ಷಿಕ ಸಂಗ್ರಹ ರೂ. 4,32,000 ಮಾತ್ರ, ಇಂತಹ ಸಂಘವು ತೆರಿಗೆ ಕೇಳಿದರೆ ಅದರ ಜಿ.ಎಸ್.ಟಿ. ನೋಂದಣಿ ಸಂಖ್ಯೆಯನ್ನು ಕೇಳಬೇಕು. ಶುಲ್ಕವು ರೂ. 8,000 ಆದಾಗ, ಕೇಂದ್ರದ ಜುಲೈ 2019ರ ಸುತ್ತೋಲೆಯಂತೆ ಪೂರ್ಣ ಮೊತ್ತದ ಮೇಲೆ ರೂ. 1,440 ತೆರಿಗೆಯಾಗುತ್ತದೆ, ಮದ್ರಾಸ್ ಉಚ್ಚ ನ್ಯಾಯಾಲಯದ ಜುಲೈ 2021ರ ತೀರ್ಪಿನಂತೆ ಹೆಚ್ಚುವರಿ ರೂ. 500ರ ಮೇಲೆ ರೂ. 90 ಮಾತ್ರ. ಪ್ರವರ್ತಕರು ನೇರವಾಗಿ ವಿಧಿಸುವ ಶುಲ್ಕಕ್ಕೆ ಸಂಘಗಳಿಗಿರುವ ಈ ವಿನಾಯಿತಿ ದೊರೆಯುವುದಿಲ್ಲ.

7. ನಾಗರಿಕರು ಅನುಸರಿಸಬೇಕಾದ ಕ್ರಮ

ಅ) ಶುಲ್ಕ ಪಾವತಿಯನ್ನು ಪೂರ್ಣವಾಗಿ ನಿಲ್ಲಿಸಬಾರದು. ರೇರಾ ಅಡಿ ಬಾಕಿಗೆ ಬಡ್ಡಿ ತೆರಬೇಕಾಗುತ್ತದೆ. 1972ರ ಅಧಿನಿಯಮದಡಿ ಬಾಕಿಯು ಫ್ಲ್ಯಾಟಿನ ಮೇಲಿನ ಋಣಭಾರವಾಗುತ್ತದೆ. ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ ಎಂದು ಲಿಖಿತವಾಗಿ ತಿಳಿಸಿ, ಚೆಕ್ ಅಥವಾ ಬ್ಯಾಂಕ್ ಮೂಲಕ ಪಾವತಿಸುವುದು ಸುರಕ್ಷಿತ.

ಆ) ಹಿಂದಿನ ಮತ್ತು ಪರಿಷ್ಕೃತ ದರದ ಬಾಬುವಾರು ಲೆಕ್ಕವನ್ನು ನೋಂದಾಯಿತ ಅಂಚೆಯ ಮೂಲಕ ಕೇಳಬೇಕು.

ಇ) ಮುಂಗಡ ಶುಲ್ಕ ಮತ್ತು ಮೂಲನಿಧಿಯ ಉಳಿಕೆಯನ್ನು ಸಂಘಕ್ಕೆ ವರ್ಗಾಯಿಸಿದ ವಿವರವನ್ನು ಪಡೆಯಬೇಕು.

ಈ) ಕರಾರು ಪತ್ರ, ರಸೀದಿಗಳು, ಪತ್ರವ್ಯವಹಾರ ಮತ್ತು ದೋಷಗಳ ಛಾಯಾಚಿತ್ರಗಳನ್ನು ದಿನಾಂಕವಾರು ಜೋಡಿಸಿ ದೂರಿನೊಂದಿಗೆ ಲಗತ್ತಿಸಬೇಕು.

ಉ) ಸಾಧ್ಯವಾದಲ್ಲಿ ಇತರ ಮಾಲೀಕರೊಂದಿಗೆ ಸೇರಿ ದೂರು ಸಲ್ಲಿಸುವುದರಿಂದ ವೆಚ್ಚವೂ ಶ್ರಮವೂ ಕಡಿಮೆಯಾಗುತ್ತವೆ.

ಲೆಕ್ಕ ಕೇಳುವುದು ಜಗಳವಲ್ಲ. ಅದು ಶುಲ್ಕ ತೆರುವವರ ಹಕ್ಕು. ಫ್ಲ್ಯಾಟ್ ಖರೀದಿಸುವ ನಾಗರಿಕರು ಮೇಲ್ಕಂಡ ಅಂಶಗಳನ್ನು ಕರಾರಿಗೆ ಸಹಿ ಮಾಡುವ ಮುನ್ನವೇ ಪರಿಶೀಲಿಸಿ, ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.